ಪಡ್ರೆಯ ಅಳತೆಯಲ್ಲಿ ಯುದ್ಧದ ಕಾನೂನು

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ವಿಮಾನಗಳು ಕಾಡು, ಗದ್ದೆಗಳ ಮೇಲೆ ಕಳೆನಾಶಕ ಸುರಿಯತೊಡಗಿದ್ದು 1962ರಲ್ಲಿ, ನಿಂತದ್ದು 1971ರಲ್ಲಿ. ಒಟ್ಟು ಏಳು ಕೋಟಿ ಲೀಟರಿಗೂ ಹೆಚ್ಚು. ಎಲೆ ಉದುರಿದರೆ ಕಾಡಿನಲ್ಲಿ ಅಡಗಿದವರು ಕಾಣುತ್ತಾರೆ, ಪೈರು ಒಣಗಿದರೆ ಅವರಿಗೆ ಅನ್ನ ಸಿಗುವುದಿಲ್ಲ ಎಂಬುದು ಸೇನೆಯ ಲೆಕ್ಕ. ಅದು ನಿಂತು ಹತ್ತು ವರ್ಷ ತುಂಬುವ ಮೊದಲೇ ಕಾಸರಗೋಡಿನ ಗುಡ್ಡೆಗಳ ಮೇಲೆ ಹೆಲಿಕಾಪ್ಟರ್ ಹಾರತೊಡಗಿತು. ಇಲ್ಲಿ ಶತ್ರು ಎಂದರೆ ಗೇರು ಹೂವಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟ. ಗೇರು ತೋಟ ನಡೆಸುವ ಪ್ಲಾಂಟೇಶನ್ ನಿಗಮದವರು ‘ಮದ್ದು ಬಿಡುವುದು’, ಎಂದರೆ ಕೀಟನಾಶಕ ಸಿಂಪಡಿಸುವುದು, ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೂ ನಡೆಯಿತು.

ಎರಡೂ ಒಂದೇ ಎಂದು ವಾದಿಸಲು ಹೊರಟಿಲ್ಲ. ಅಲ್ಲಿಯದು ಯುದ್ಧ, ಇಲ್ಲಿಯದು ಸರಕಾರಿ ನಿಗಮವೊಂದರ ತೋಟದ ಕೆಲಸ. ಅಲ್ಲಿ ಏಜೆಂಟ್ ಆರೆಂಜ್ ಎಂಬ ಕಳೆನಾಶಕ ಮತ್ತು ಅದರೊಳಗಿನ ಡಯಾಕ್ಸಿನ್ ಎಂಬ ವಿಷ, ಇಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ. ಆದರೆ ಯುದ್ಧಕಾಲದಲ್ಲಿ ಪರಿಸರವನ್ನು ಕಾಪಾಡಬೇಕೆನ್ನುವ ಅಂತರರಾಷ್ಟ್ರೀಯ ಕಾನೂನು ಹುಟ್ಟಿದ್ದೇ ಬಹುಮಟ್ಟಿಗೆ ವಿಯೆಟ್ನಾಂನ ಆ ವಿಷದಿಂದ. ಆ ಕಾನೂನು ಎಷ್ಟು ಗಟ್ಟಿ ಎಂದು ತಿಳಿಯಲು ಎಣ್ಮಕಜೆ ಪಂಚಾಯತಿನ ಪಡ್ರೆ, ವಾಣಿನಗರ, ಸ್ವರ್ಗ ಎಂಬ ಊರುಗಳ ಕಡೆಯವರು ದೂರ ಹೋಗಬೇಕಿಲ್ಲ. ತಮ್ಮೂರಿನಲ್ಲಿ ಆದದ್ದನ್ನು ಒಂದು ಶತ್ರುಸೇನೆಯೇ ಮಾಡಿತ್ತು ಎಂದುಕೊಂಡು ಕಾನೂನಿನ ಅಳತೆಗೋಲು ಹಿಡಿದು ನೋಡಬಹುದು. ಸಿಗುವ ಉತ್ತರ ಮಾತ್ರ ಹಿತವಾದದ್ದಲ್ಲ.

1972ರ ಜೂನ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆದಾಗ ವಿಯೆಟ್ನಾಂ ಯುದ್ಧ ಇನ್ನೂ ಮುಗಿದಿರಲಿಲ್ಲ. ಸ್ವೀಡನ್ನಿನ ಪ್ರಧಾನಿ ಒಲೋಫ್ ಪಾಲ್ಮೆ ಅಲ್ಲಿನ ನಾಶವನ್ನು ಪರಿಸರ ಹತ್ಯೆ ಎಂದೇ ಕರೆದರು. ಇಂದಿರಾ ಗಾಂಧಿಯವರೂ ಆ ಸಭೆಯಲ್ಲಿ ಯುದ್ಧದ ಪ್ರಸ್ತಾಪ ಮಾಡಿದ್ದರು. ಇನ್ನೂ ಹುಟ್ಟದವರನ್ನೂ ಊನಗೊಳಿಸುವ, ನೆಲಕ್ಕೇ ವಿಷವಿಕ್ಕುವ ಆಯುಧಗಳ ಮಾತು ಅವರ ಭಾಷಣದಲ್ಲಿತ್ತು. ಅಮೆರಿಕ ಮಾಡಿದ್ದು ವಿಷದ ಸಿಂಪಡಣೆ ಮಾತ್ರವಲ್ಲ. 1967ರಿಂದ 1972ರವರೆಗೆ ಮೋಡ ಬಿತ್ತನೆ ಮಾಡಿ ಮಳೆಗಾಲವನ್ನೇ ಎಳೆದು, ಉತ್ತರ ವಿಯೆಟ್ನಾಂನವರು ಬಳಸುತ್ತಿದ್ದ ಹೋ ಚಿ ಮಿನ್ ದಾರಿಯನ್ನು ಕೆಸರಾಗಿಸಿ ಸಾಗಾಟ ತಡೆಯುವ ಗುಟ್ಟಿನ ಕಾರ್ಯಾಚರಣೆಯೂ ನಡೆದಿತ್ತು. ಇದು ಬಯಲಾದ ಮೇಲೆ ಎರಡು ಒಪ್ಪಂದಗಳು ಬೇಗಬೇಗನೆ ಬಂದವು.

ಮೊದಲನೆಯದು, ಪರಿಸರವನ್ನು ಮಾರ್ಪಡಿಸುವ ತಂತ್ರಗಳನ್ನು ಯುದ್ಧಕ್ಕೆ ಬಳಸಬಾರದು ಎನ್ನುವ 1976ರ ಒಪ್ಪಂದ. ಭಾರತ ಇದನ್ನು 1978ರಲ್ಲಿ ಅನುಮೋದಿಸಿದೆ. ಎರಡನೆಯದು, ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲನೇ ಹೆಚ್ಚುವರಿ ಪ್ರೊಟೊಕಾಲ್. ಇದರ 35 ಮತ್ತು 55ನೇ ವಿಧಿಗಳು ನೇರವಾಗಿ ಪರಿಸರದ ಬಗ್ಗೆ ಮಾತಾಡುತ್ತವೆ. ವ್ಯಾಪಕವೂ ದೀರ್ಘಕಾಲಿಕವೂ ತೀವ್ರವೂ ಆದ ಹಾನಿ ಮಾಡಲೆಂದು, ಅಥವಾ ಅಂಥ ಹಾನಿ ಆಗಬಹುದೆಂಬ ನಿರೀಕ್ಷೆಯಿದ್ದೂ, ಯುದ್ಧವಿಧಾನವೊಂದನ್ನು ಬಳಸಬಾರದು. ಸೇಡಿಗಾಗಿ ಪರಿಸರದ ಮೇಲೆ ದಾಳಿ ಮಾಡುವುದಂತೂ ಪೂರ್ತಿ ನಿಷಿದ್ಧ.

ಓದುವಾಗ ಇದು ಗಟ್ಟಿ ನಿಯಮ ಅನ್ನಿಸುತ್ತದೆ. ತೊಡಕಿರುವುದು ಮೂರು ವಿಶೇಷಣಗಳನ್ನು ಪೋಣಿಸಿದ ರೀತಿಯಲ್ಲಿ. 1976ರ ಒಪ್ಪಂದದಲ್ಲಿ ಮೂರರಲ್ಲಿ ಒಂದಿದ್ದರೂ ಸಾಕು. ಪ್ರೊಟೊಕಾಲ್‌ನಲ್ಲಿ ಮೂರೂ ಒಟ್ಟಿಗೆ ಇರಬೇಕು. 1976ರ ಒಪ್ಪಂದ ಮಾಡಿದವರು ವ್ಯಾಪಕ ಎಂದರೆ ಹಲವು ನೂರು ಚದರ ಕಿಲೋಮೀಟರ್, ದೀರ್ಘಕಾಲ ಎಂದರೆ ಕೆಲವು ತಿಂಗಳು ಅಥವಾ ಒಂದು ಋತು ಎಂದು ಅರ್ಥ ಕೊಟ್ಟಿದ್ದರು. ಪ್ರೊಟೊಕಾಲ್ ಬರೆದವರ ಮನಸ್ಸಿನಲ್ಲಿದ್ದ ಕಾಲಮಾನ ತಿಂಗಳುಗಳದ್ದಲ್ಲ, ದಶಕಗಳದ್ದು. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿನ ಹೊಲಗಳಿಗೆ ಆದಂಥ ಹಾನಿಯನ್ನು ಯುದ್ಧದಲ್ಲಿ ಆಗುವಂಥದ್ದೇ ಎಂದು ಬದಿಗಿಡಬೇಕೆಂದು ಹಲವು ನಿಯೋಗಗಳು ಆಗಲೇ ಹೇಳಿದ್ದವು.

ಈಗ ಪಡ್ರೆಗೆ ಬರೋಣ. ಕಾಸರಗೋಡು ಜಿಲ್ಲೆಯ ನಿಗಮದ ಗೇರು ತೋಟಗಳೆಲ್ಲ ಸೇರಿ ಐವತ್ತು ಚದರ ಕಿಲೋಮೀಟರ್ ಆಗುವುದಿಲ್ಲ. ಗಾಳಿಗೆ ಹಾರಿದ್ದು, ತೋಡಿನಲ್ಲಿ ಇಳಿದದ್ದು ಎಲ್ಲ ಸೇರಿಸಿದರೆ ಹಬ್ಬಿದ ಜಾಗ ದೊಡ್ಡದಾಗುತ್ತದೆ, ನಿಜ. ಆದರೆ ಅದನ್ನು ನಕ್ಷೆಯಲ್ಲಿ ಗೆರೆ ಎಳೆದು ತೋರಿಸುವ ಹೊಣೆ ದೂರು ಕೊಟ್ಟವರದ್ದು. ಎರಡನೆಯದು, ಕಾಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಸಿಂಪಡಿಸಿದ ಕಾರಣ ಇಲ್ಲಿ ತೇರ್ಗಡೆಯಾಗಬಹುದು. ಹಾಗೆಂದು ಕಾನೂನು ಅಳೆಯುವುದು ಸಿಂಪಡಣೆಯ ಅವಧಿಯನ್ನಲ್ಲ, ಹಾನಿಯ ಅವಧಿಯನ್ನು. ಮೊದಲ ವರ್ಷವೇ ದೂರು ಕೊಟ್ಟಿದ್ದರೆ ದಶಕಗಳ ಹಾನಿ ಎಂದು ಹೇಗೆ ತೋರಿಸುವುದು? ಮೂರನೆಯದು, ತೀವ್ರತೆ. ಊನವಾಗಿ ಹುಟ್ಟಿದ ಅಲ್ಲಿನ ಮಕ್ಕಳನ್ನು ಕಂಡವರಾರೂ ಅದರ ಬಗ್ಗೆ ತಕರಾರು ಎತ್ತಲಾರರು. ಮೂರರಲ್ಲಿ ಒಂದು ಖಚಿತ, ಒಂದು ವಾದಗ್ರಸ್ತ, ಒಂದು ಬಹುಶಃ ಸೋಲು. ಮೂರೂ ಬೇಕಾದ್ದರಿಂದ ಮೊಕದ್ದಮೆ ಅಲ್ಲಿಗೇ ಬಿತ್ತು. ಒಂದು ಇಡೀ ಪಂಚಾಯತ್ ನೀರು, ನೆಲ, ಆರೋಗ್ಯ ಕಳೆದುಕೊಂಡರೂ ಪ್ರೊಟೊಕಾಲ್‌ನ ಪರಿಸರ ವಿಧಿಗೆ ಅದು ಸಾಲದು. ಇಷ್ಟು ಎತ್ತರದ ಹೊಸ್ತಿಲನ್ನು ಕಾನೂನು ಎನ್ನುವುದಕ್ಕಿಂತ ಆಶಯ ಎನ್ನುವುದೇ ಸರಿ.

ಇದು ನನ್ನ ಕಲ್ಪನೆಯ ಮೊಕದ್ದಮೆ ಮಾತ್ರ ಅಲ್ಲ. 1999ರಲ್ಲಿ ನ್ಯಾಟೋ ಪಡೆಗಳು ಯುಗೊಸ್ಲಾವಿಯದ ಪಾಂಚೆವೊ ಪಟ್ಟಣದ ಎಣ್ಣೆ ಶುದ್ಧೀಕರಣ ಘಟಕ ಮತ್ತು ರಾಸಾಯನಿಕ ಕಾರ್ಖಾನೆಗಳ ಮೇಲೆ ಬಾಂಬು ಹಾಕಿದಾಗ ವಿಷ ಗಾಳಿಗೂ ಡ್ಯಾನ್ಯೂಬ್ ನದಿಗೂ ಸೇರಿತು. ಯುಗೊಸ್ಲಾವಿಯದ ಅಪರಾಧಗಳಿಗೆಂದು ನೇಮಿಸಿದ ನ್ಯಾಯಮಂಡಳಿಯ ಪ್ರಾಸಿಕ್ಯೂಟರ್ ಒಂದು ಸಮಿತಿ ಮಾಡಿದರು. ಪ್ರೊಟೊಕಾಲ್‌ನ ಮಟ್ಟ ತೀರಾ ಎತ್ತರದ್ದು, ಅದನ್ನು ಮುಟ್ಟಿದೆ ಎಂದು ಮೇಲ್ನೋಟಕ್ಕೆ ತೋರಿಸುವುದೂ ಕಷ್ಟ ಎಂದು ಆ ಸಮಿತಿ 2000ದಲ್ಲಿ ಹೇಳಿತು. ತನಿಖೆ ಮುಂದುವರಿಯಲಿಲ್ಲ.

ಹಾಗಾದರೆ ಪಡ್ರೆಯವರಿಗೆ ಬೇರೆ ದಾರಿಯೇ ಇರುತ್ತಿರಲಿಲ್ಲವೇ? ಇರುತ್ತಿತ್ತು. ಪರಿಸರ ಎಂಬ ಹೆಸರು ಹೇಳದ ನಿಯಮಗಳಲ್ಲೇ ಹೆಚ್ಚು ಹುರುಳಿದೆ. ಅದೇ ಪ್ರೊಟೊಕಾಲ್‌ನ 54ನೇ ವಿಧಿ ಬೆಳೆ, ಜಾನುವಾರು, ಕುಡಿಯುವ ನೀರಿನ ವ್ಯವಸ್ಥೆ, ನೀರಾವರಿ ಕಟ್ಟೆಗಳನ್ನು ಕಾಪಾಡುತ್ತದೆ. ಇಲ್ಲಿ ನೂರು ಚದರ ಕಿಲೋಮೀಟರಿನ ಲೆಕ್ಕವಿಲ್ಲ, ಒಂದು ಬಾವಿಯಾದರೂ ಸಾಕು. ನಮ್ಮ ಕಡೆ ಗುಡ್ಡೆಯ ಮೇಲೆ ಗೇರು ತೋಟ, ಗುಡ್ಡೆಯ ಹೊಟ್ಟೆಯಲ್ಲಿ ಸುರಂಗ, ಸುರಂಗದ ಬಾಯಿಂದ ಹರಿದ ನೀರು ಮನೆಯಂಗಳಕ್ಕೆ. ಇಂಥ ನೀರನ್ನು ಊರವರಿಗೆ ದಕ್ಕದಂತೆ ಮಾಡಲೆಂದೇ ಕೆಡಿಸಿದರೆ ಅದು ಸ್ಪಷ್ಟ ಉಲ್ಲಂಘನೆ. ಆ ಉದ್ದೇಶವನ್ನು ತೋರಿಸಬೇಕು ಎನ್ನುವುದೊಂದೇ ಇಲ್ಲಿಯ ಬಿಗಿ. ವಿಷವನ್ನು ಆಯುಧವಾಗಿ ಬಳಸಬಾರದೆಂಬ 1907ರ ಹೇಗ್ ನಿಯಮ ಇನ್ನೂ ಹಳೆಯದು. ಕಳೆನಾಶಕವನ್ನು ಯುದ್ಧವಿಧಾನವಾಗಿ ಬಳಸುವುದಕ್ಕೆ ಇರುವ ನಿಷೇಧವನ್ನು 1993ರ ರಾಸಾಯನಿಕ ಅಸ್ತ್ರ ಒಪ್ಪಂದ ತನ್ನ ಪೀಠಿಕೆಯಲ್ಲಿ ನೆನಪಿಸುತ್ತದೆ. 1976ರ ಒಪ್ಪಂದದ ಕಕ್ಷಿಗಳೂ 1992ರ ಪರಿಶೀಲನಾ ಸಭೆಯಲ್ಲಿ, ಪ್ರದೇಶವೊಂದರ ಪರಿಸರ ಸಮತೋಲವನ್ನು ಕೆಡಿಸುವ ಕಳೆನಾಶಕ ಪ್ರಯೋಗ ತಮ್ಮ ಒಪ್ಪಂದದ ವ್ಯಾಪ್ತಿಗೆ ಬರಬಹುದು ಎಂದು ಒಪ್ಪಿದರು.

1907ರ ಹೇಗ್ ನಿಯಮಗಳಲ್ಲಿ ಕಾನೂನು ಪುಸ್ತಕಗಳ ಹೊರಗೆ ಯಾರೂ ಮಾತಾಡದ ಇನ್ನೊಂದು ಸಾಲಿದೆ. ಪರದೇಶವನ್ನು ಆಕ್ರಮಿಸಿಕೊಂಡ ಸೇನೆ ಅಲ್ಲಿನ ಸರಕಾರಿ ಕಾಡು, ಕೃಷಿಭೂಮಿಗಳ ಒಡೆಯ ಅಲ್ಲ. ಭೂಮಸೂದೆಗೆ ಮುಂಚೆ ನಮ್ಮಲ್ಲಿದ್ದ ಗೇಣಿಯಂತೆ ಅದು ಫಸಲು ತಿನ್ನಬಹುದು, ಮರದ ಬುಡಕ್ಕೆ ಕೊಡಲಿ ಹಾಕುವಂತಿಲ್ಲ. ನೂರು ವರ್ಷ ದಾಟಿದ ಈ ಸಾಲು, ನನ್ನ ಮಟ್ಟಿಗೆ, 1977ರ ಭಾರವಾದ ಶಬ್ದಗಳಿಗಿಂತ ಹೆಚ್ಚು ಕೆಲಸಕ್ಕೆ ಬರುವಂಥದ್ದು. ಏಕೆಂದರೆ ಅದು ಹಾನಿ ಆದ ಮೇಲೆ ಅಳತೆ ಮಾಡುತ್ತಾ ಕೂರುವುದಿಲ್ಲ; ಏನು ಮಾಡಕೂಡದು ಎಂದು ಮೊದಲೇ ಹೇಳುತ್ತದೆ.

ಭಾರತದ ನಿಲುವಿನ ಬಗ್ಗೆ ಒಂದು ಮಾತು. 1949ರ ನಾಲ್ಕು ಜಿನೀವಾ ಒಪ್ಪಂದಗಳಿಗೆ ನಾವು ಬದ್ಧರು. ಅದಕ್ಕಾಗಿ 1960ರ ಕಾಯ್ದೆಯೂ ಇದೆ. 1977ರ ಪ್ರೊಟೊಕಾಲ್‌ಗೆ ಭಾರತ ಸೇರಿಲ್ಲ. ಪಾಕಿಸ್ತಾನ ಸಹಿ ಹಾಕಿದೆ, ಅನುಮೋದಿಸಿಲ್ಲ. ಅಮೆರಿಕ ಮತ್ತು ಇರಾನಿನದೂ ಅದೇ ಕತೆ, ಇಸ್ರೇಲ್ ಸಹಿಯನ್ನೂ ಹಾಕಿಲ್ಲ. ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ರೋಮ್ ಶಾಸನಕ್ಕೂ ಭಾರತ ಹೊರಗಿನದು. ಸ್ಟಾಕ್‌ಹೋಮ್‌ನಲ್ಲಿ ಅಷ್ಟು ಖಾರವಾಗಿ ಮಾತಾಡಿದ ದೇಶ ಅದೇ ಮಾತನ್ನು ನಿಯಮವಾಗಿಸಿದ ಪುಸ್ತಕಕ್ಕೆ ಸಹಿ ಹಾಕದೆ ಉಳಿದದ್ದು ವಿಚಿತ್ರವೇ. ದೇಶಗಳ ನಡವಳಿಕೆಯಿಂದಲೇ ಬೆಳೆದುಬಂದ ರೂಢಿಗತ ಕಾನೂನು, ಸಹಿ ಹಾಕದಿದ್ದರೂ, ಎಲ್ಲರಿಗೂ ಅನ್ವಯಿಸುತ್ತದೆ, ನಾಗರಿಕ ಆಸ್ತಿಯ ಮೇಲೆ ದಾಳಿ ಕೂಡದು, ಸೇನಾ ಲಾಭಕ್ಕಿಂತ ಮಿತಿಮೀರಿದ ಹಾನಿ ಕೂಡದು ಎಂಬುದು ಅದರಲ್ಲಿದೆ ಎನ್ನುವುದು ನಿಜ. ಆದರೆ ಆ ಮೂರು ವಿಶೇಷಣಗಳ ನಿಯಮವೇ ರೂಢಿಗತವಾಗಿದೆಯೇ ಎಂಬುದರಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ತಕರಾರು ಎತ್ತುತ್ತಾ ಬಂದಿವೆ.

ಪರಿಸರದ ಹಾನಿಗೆ ದೊಡ್ಡ ಮೊತ್ತದ ಪರಿಹಾರ ನಿಜವಾಗಿ ಕೈಸೇರಿದ ಯುದ್ಧ ಒಂದೇ, ಕುವೈತ್‌ನದು. ಅದರ ನೆನಪು ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮನೆಗಳಲ್ಲಿ ಇನ್ನೂ ಇದೆ. 1990ರ ಆಗಸ್ಟ್ 2ರಂದು ಇರಾಕಿ ಸೇನೆ ಕುವೈತಿಗೆ ನುಗ್ಗಿದ ಮೇಲೆ ಲಕ್ಷಕ್ಕೂ ಹೆಚ್ಚು ಭಾರತೀಯರು ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನ ಹತ್ತಿ ಊರಿಗೆ ಬಂದರು. ಹಿಮ್ಮೆಟ್ಟುವಾಗ ಇರಾಕಿಗಳು ಆರುನೂರಕ್ಕೂ ಹೆಚ್ಚು ಎಣ್ಣೆ ಬಾವಿಗಳಿಗೆ ಬೆಂಕಿ ಹಚ್ಚಿದರು. ಕೊನೆಯ ಬಾವಿಯ ಬೆಂಕಿ ಆರಿದ್ದು 1991ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚೆಯೇ, ಏಪ್ರಿಲ್‌ನಲ್ಲಿ, ಭದ್ರತಾ ಮಂಡಳಿ ತನ್ನ 687ನೇ ನಿರ್ಣಯದಲ್ಲಿ ಪರಿಸರದ ಹಾನಿಯೂ ಸೇರಿದಂತೆ ಎಲ್ಲ ನೇರ ನಷ್ಟಕ್ಕೆ ಇರಾಕ್ ಹೊಣೆ ಎಂದು ಬರೆದಿತ್ತು.

ಅಲ್ಲಿ ನಡೆದದ್ದನ್ನು ಸೂಕ್ಷ್ಮವಾಗಿ ನೋಡಬೇಕು. ಪ್ರೊಟೊಕಾಲ್‌ನ ಮೂರು ವಿಶೇಷಣಗಳನ್ನು ಯಾರೂ ಕೇಳಲಿಲ್ಲ. ಇರಾಕ್ ಆಗ ಅದರ ಸದಸ್ಯನೇ ಆಗಿರಲಿಲ್ಲ. ಆಕ್ರಮಣವೇ ಕಾನೂನುಬಾಹಿರ, ಆದ್ದರಿಂದ ಅದರಿಂದ ನೇರವಾಗಿ ಆದದ್ದಕ್ಕೆಲ್ಲ ದುಡ್ಡು ಕೊಡು ಎಂಬುದಷ್ಟೇ ತರ್ಕ. ಇರಾಕಿನ ಎಣ್ಣೆ ಮಾರಾಟದಿಂದ ಒಂದು ಪಾಲು ನೇರ ನಿಧಿಗೆ ಹೋಗುತ್ತಿತ್ತು, ಕೈಚಾಚಿ ಬೇಡುವ ಪ್ರಶ್ನೆಯಿರಲಿಲ್ಲ. ವಿಶ್ವಸಂಸ್ಥೆಯ ಪರಿಹಾರ ಆಯೋಗ 2022ರಲ್ಲಿ ಲೆಕ್ಕ ಮುಗಿಸುವ ಹೊತ್ತಿಗೆ ಒಟ್ಟು 5,240 ಕೋಟಿ ಡಾಲರ್ ಹಂಚಿತ್ತು. ಅದರಲ್ಲಿ ಪರಿಸರದ ಪಾಲು ಸುಮಾರು 530 ಕೋಟಿ ಡಾಲರ್. ಕುವೈತ್, ಸೌದಿ, ಇರಾನ್, ಜೋರ್ಡಾನ್ ಮೊದಲಾದ ದೇಶಗಳಿಗೆ ಸಿಕ್ಕಿತು.

ನನಗೆ ಮುಖ್ಯ ಅನ್ನಿಸುವುದು ಈ ಮೊತ್ತವಲ್ಲ, ಆಯೋಗ ಅನುಸರಿಸಿದ ಕ್ರಮ. ಪರಿಸರದ ಹಾನಿ ಎಷ್ಟು ಎಂದು ತೀರ್ಮಾನಿಸುವ ಮೊದಲೇ, ಹಾನಿಯನ್ನು ಅಳೆಯುವುದಕ್ಕೆಂದೇ ಸುಮಾರು 24 ಕೋಟಿ ಡಾಲರನ್ನು ಅದು ಬೇರೆಯಾಗಿ ಮಂಜೂರು ಮಾಡಿತು. ಮಣ್ಣು, ಅಂತರ್ಜಲ, ಕಡಲತೀರ, ಜನರ ಆರೋಗ್ಯ ಇವನ್ನು ಪರೀಕ್ಷಿಸಿ ಬನ್ನಿ, ಆಮೇಲೆ ಪರಿಹಾರ ಕೇಳಿ ಎಂದಿತು. ಊರು ಬಿಟ್ಟು ಓಡಿಬಂದ ಕೆಲಸಗಾರರ ವಿಷಯದಲ್ಲಿ ಇನ್ನೂ ಸರಳ ದಾರಿ: ಆ ಅವಧಿಯಲ್ಲಿ ಕುವೈತ್ ಅಥವಾ ಇರಾಕಿನಿಂದ ಹೊರಟದ್ದು ಖಚಿತವಾದರೆ ಒಬ್ಬರಿಗೆ ಎರಡೂವರೆ ಸಾವಿರ ಡಾಲರ್, ಬೇರೆ ಯಾವ ಪರಿಹಾರವನ್ನೂ ಕೇಳುವುದಿಲ್ಲ ಎಂದರೆ ನಾಲ್ಕು ಸಾವಿರ. ಕಳೆದುಕೊಂಡ ಟಿ.ವಿ., ಫ್ರಿಜ್ಜಿನ ಬಿಲ್ಲು ತೋರಿಸಿ ಎನ್ನಲಿಲ್ಲ.

ಕಾಸರಗೋಡಿನಲ್ಲಿ ಸಾಕ್ಷ್ಯ ಎಲ್ಲಿಂದ ಬಂತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕರುಗಳು ಊನವಾಗಿ ಹುಟ್ಟುವುದನ್ನು ಗಮನಿಸಿ ಬರೆದದ್ದು ಊರಿನವರೇ ಆದ ಪತ್ರಕರ್ತ ಶ್ರೀ ಪಡ್ರೆ. ಒಂದೇ ಕಡೆ ಇಷ್ಟೊಂದು ವಿಚಿತ್ರ ಕಾಯಿಲೆ ಏಕೆ ಎಂದು ರೋಗಿಗಳ ವಿವರ ಜೋಡಿಸುತ್ತಾ ಹೋದದ್ದು ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು. 2010ರ ಕೊನೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಶಿಫಾರಸು. 2011ರ ಏಪ್ರಿಲ್‌ನಲ್ಲಿ, ಬೇಗ ನಾಶವಾಗದ ವಿಷವಸ್ತುಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಎಂಡೋಸಲ್ಫಾನ್ ಸೇರ್ಪಡೆ. ಮೇಯಲ್ಲಿ ಸುಪ್ರೀಂ ಕೋರ್ಟಿನ ತಡೆ. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂಬ ಆದೇಶ. ಐದು ವರ್ಷ ಕಳೆದರೂ ಹಣ ಮುಟ್ಟಿದ್ದು ಬೆರಳೆಣಿಕೆಯವರಿಗೆ ಎಂದು ತಿಳಿದು 2022ರಲ್ಲಿ ಕೋರ್ಟು ರಾಜ್ಯ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಒಂದೇ ದೇಶ, ಒಂದೇ ಸಂವಿಧಾನ, ಮತ ಹಾಕುವ ಹಕ್ಕು, ಪತ್ರಿಕೆಗಳು, ಎದುರಿಗೇ ಸಿಗುವ ಪ್ರತಿವಾದಿ ಇದ್ದೂ ಇಷ್ಟು ಕಾಲ ಹಿಡಿಯಿತು.

ಗಡಿಯಾಚೆಯ ಸೇನೆಯಿಂದ ಹಾನಿಯಾದರೆ ಏನಾಗುತ್ತದೆ ಎನ್ನುವುದಕ್ಕೆ ಎರಡು ಮೊಕದ್ದಮೆಗಳೇ ಸಾಕು. ಏಜೆಂಟ್ ಆರೆಂಜ್ ತಯಾರಿಸಿದ ಕಂಪನಿಗಳು ಅಮೆರಿಕದ ಮಾಜಿ ಸೈನಿಕರಿಗೆ 1984ರ ರಾಜಿಯಲ್ಲಿ 18 ಕೋಟಿ ಡಾಲರ್ ಕೊಟ್ಟವು. ವಿಯೆಟ್ನಾಂನ ಸಂತ್ರಸ್ತರು ಅದೇ ಕಂಪನಿಗಳ ಮೇಲೆ ನ್ಯೂಯಾರ್ಕಿನಲ್ಲಿ ಹೂಡಿದ ದಾವೆ 2005ರಲ್ಲಿ ವಜಾ ಆಯಿತು, ಮೇಲ್ಮನವಿಯಲ್ಲೂ ಬಿದ್ದುಹೋಯಿತು. ಇನ್ನೊಂದು, ಕಾಂಗೊ ದೇಶ ಉಗಾಂಡದ ಮೇಲೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನಡೆಸಿದ ವ್ಯಾಜ್ಯ. 2022ರ ಫೆಬ್ರವರಿಯಲ್ಲಿ 32.5 ಕೋಟಿ ಡಾಲರ್ ಪರಿಹಾರದ ತೀರ್ಪು ಬಂತು. ಅದರಲ್ಲಿ 6 ಕೋಟಿ ನೈಸರ್ಗಿಕ ಸಂಪತ್ತಿನ ನಷ್ಟಕ್ಕೆ. ಕಾಡು ನಾಶದ ಬಾಬ್ತಿಗೆ ಮಾತ್ರ ಸೊನ್ನೆ. ಆ ಹಾನಿಯನ್ನು ಲೆಕ್ಕ ಹಾಕಲು ಬೇಕಾದ ಆಧಾರವನ್ನು ಕಾಂಗೊ ಒದಗಿಸಿಲ್ಲ ಎಂದು ನ್ಯಾಯಾಲಯ ಕೈಬಿಟ್ಟಿತು. ಯುದ್ಧಕ್ಕೆ ಮೊದಲು ಕಾಡಿನಲ್ಲಿ ಏನಿತ್ತು ಎಂಬ ದಾಖಲೆ ಇಲ್ಲದ ದೇಶ ಯುದ್ಧದ ನಂತರ ಏನು ಹೋಯಿತೆಂದು ಹೇಗೆ ತೋರಿಸೀತು?

ಉಕ್ರೇನ್ ಈ ಪಾಠ ಕಲಿತಂತಿದೆ. 2023ರ ಜೂನ್ 6ರಂದು ಕಖೋವ್ಕಾ ಅಣೆಕಟ್ಟು ಒಡೆದು ಎರಡು ಸಾವಿರ ಚದರ ಕಿಲೋಮೀಟರಿಗೂ ದೊಡ್ಡದಾಗಿದ್ದ ಜಲಾಶಯ ಬರಿದಾಯಿತು. ಆ ಅಣೆಕಟ್ಟು ರಷ್ಯದ ಹಿಡಿತದಲ್ಲಿತ್ತು. ತಾನು ಒಡೆದಿಲ್ಲ ಎಂದು ರಷ್ಯ ಹೇಳುತ್ತದೆ. ಎರಡೂ ದೇಶಗಳು ಪ್ರೊಟೊಕಾಲ್‌ನ ಸದಸ್ಯರು, ಅಣೆಕಟ್ಟುಗಳನ್ನು ವಿಶೇಷವಾಗಿ ಕಾಪಾಡುವ 56ನೇ ವಿಧಿ ಅವರಿಗೆ ಅನ್ವಯಿಸುತ್ತದೆ. ಯಾವ ನ್ಯಾಯಾಲಯ, ಯಾವಾಗ ಎಂಬುದು ಸ್ಪಷ್ಟವಾಗುವ ಮೊದಲೇ ಯುರೋಪ್ ಮಂಡಳಿಯ ಆಶ್ರಯದಲ್ಲಿ ಉಕ್ರೇನಿನ ಹಾನಿಯ ನೋಂದಣಿ ಪುಸ್ತಕವೊಂದು 2023ರಲ್ಲೇ ಸ್ಥಾಪನೆಯಾಯಿತು.

ಶಿಕ್ಷೆಯ ದಾರಿ ಇದಕ್ಕಿಂತ ಇಕ್ಕಟ್ಟು. ರೋಮ್ ಶಾಸನದಲ್ಲಿ ಆ ಮೂರು ವಿಶೇಷಣಗಳ ಜತೆಗೆ ಇನ್ನೂ ಒಂದು ಕಟ್ಟು ಸೇರಿದೆ: ಹಾನಿಯು ನಿರೀಕ್ಷಿತ ಸೇನಾ ಲಾಭಕ್ಕಿಂತ ಸ್ಪಷ್ಟವಾಗಿ ಮಿತಿಮೀರಿದ್ದಾಗಿರಬೇಕು, ಅದು ದಾಳಿ ಮಾಡಿದವನಿಗೆ ಗೊತ್ತಿರಬೇಕು. ಅಂತರ್ಯುದ್ಧಕ್ಕೆ ಈ ವಿಧಿ ಅನ್ವಯಿಸುವುದೇ ಇಲ್ಲ. ಇದರಡಿ ಇದುವರೆಗೆ ಒಬ್ಬರಿಗೂ ಶಿಕ್ಷೆಯಾಗಿಲ್ಲ. ಪರಿಸರ ಹತ್ಯೆಯನ್ನು ಪ್ರತ್ಯೇಕ ಅಪರಾಧವಾಗಿ ಸೇರಿಸಿ ಎಂದು ವನವಾಟು, ಫಿಜಿ, ಸಮೋವಾ 2024ರಲ್ಲಿ ವಿಧ್ಯುಕ್ತವಾಗಿ ಕೇಳಿವೆ. ಕಡಲು ಏರಿದರೆ ಮುಳುಗುವ ದ್ವೀಪಗಳ ಬೇಡಿಕೆ ಇದು. ದೊಡ್ಡ ಸೇನೆಗಳಿರುವ ದೇಶಗಳಿಗೆ ಅಷ್ಟು ಅವಸರವಿಲ್ಲ.

ಯುದ್ಧ ಮುಗಿದ ಮೇಲೆ ಉಳಿಯುವ ವಿಷದ ಬಗ್ಗೆ ಮಾತ್ರ ಹೊಸ ಚಿಂತನೆ ಕಾಣುತ್ತದೆ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ 2022ರಲ್ಲಿ 27 ತತ್ವಗಳನ್ನು ಅಂಗೀಕರಿಸಿತು. ಯುದ್ಧಕ್ಕೆ ಮೊದಲು, ನಡುವೆ, ನಂತರ ಎಂದು ಮೂರೂ ಕಾಲಗಳನ್ನು ಅವು ಒಳಗೊಳ್ಳುತ್ತವೆ. ಯುದ್ಧ ಬಿಟ್ಟುಹೋದ ವಿಷಕಾರಿ ವಸ್ತುಗಳನ್ನು ತೆಗೆಯುವುದೋ ನಿರಪಾಯಗೊಳಿಸುವುದೋ ಪಕ್ಷಗಳ ಕೆಲಸ ಎನ್ನುತ್ತವೆ. ವಿಯೆಟ್ನಾಂನ ದನಾಂಗ್ ವಿಮಾನ ನಿಲ್ದಾಣದ ಡಯಾಕ್ಸಿನ್ ಮಣ್ಣನ್ನು ಅಮೆರಿಕ ತನ್ನ ಹಣದಿಂದ ಶುದ್ಧಗೊಳಿಸಿ ಮುಗಿಸಿದ್ದು 2018ರಲ್ಲಿ, ಯುದ್ಧ ಮುಗಿದು ನಾಲ್ಕು ದಶಕಗಳ ಮೇಲೆ. ಅದೂ ಸಹಾಯ ಎಂಬ ಹೆಸರಿನಲ್ಲಿ, ಹೊಣೆಗಾರಿಕೆ ಎಂದಲ್ಲ. ಕರ್ನಾಟಕದ ಗಡಿಗೆ ತಾಗಿರುವ ಮಿಂಚಿನಪದವಿನ ಗೇರು ತೋಟದ ಹಾಳುಬಾವಿಗೆ ಉಳಿದ ಎಂಡೋಸಲ್ಫಾನ್ ಸುರಿದಿದ್ದಾರೆ ಎಂಬ ದೂರು ಹಸಿರು ನ್ಯಾಯಮಂಡಳಿಯ ತನಕ ಹೋದದ್ದನ್ನು ಬಲ್ಲವರಿಗೆ ಈ ತತ್ವ ಏಕೆ ಬೇಕೆಂದು ಬಿಡಿಸಿ ಹೇಳಬೇಕಿಲ್ಲ.

ಇದೆಲ್ಲ ದೂರದ ಯುದ್ಧಗಳ ಮಾತು ಎನ್ನುವಂತಿಲ್ಲ. 2025ರ ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆದದ್ದು ಎಲ್ಲರಿಗೂ ನೆನಪಿದೆ. ಕಾಸರಗೋಡಿನಿಂದ ಉತ್ತರಕ್ಕೆ ಐವತ್ತು ಕಿಲೋಮೀಟರಿನಲ್ಲಿ ಮಂಗಳೂರು. ಅಲ್ಲಿ ಎಂಆರ್‌ಪಿಎಲ್ ಎಣ್ಣೆ ಶುದ್ಧೀಕರಣ ಘಟಕ ಇದೆ, ನೆಲದಡಿಯ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ 15 ಲಕ್ಷ ಟನ್ ಕಚ್ಚಾ ತೈಲದ ಸಂಗ್ರಹಾಗಾರ ಇದೆ; ಉಡುಪಿಯ ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್ನಿನದು. ಅಣೆಕಟ್ಟು, ಪರಮಾಣು ಸ್ಥಾವರಗಳಿಗೆ ಪ್ರೊಟೊಕಾಲ್ ಕೊಡುವ ವಿಶೇಷ ರಕ್ಷಣೆ ಎಣ್ಣೆ ಘಟಕಗಳಿಗೆ ಇಲ್ಲ. ಕಡಲಿನಲ್ಲಾದರೂ ಅಷ್ಟೇ. 2024ರಲ್ಲಿ ಕೆಂಪು ಸಮುದ್ರದಲ್ಲಿ ಯೆಮೆನಿನ ಹೌತಿ ಬಂಡುಕೋರರ ಕ್ಷಿಪಣಿ ಬಿದ್ದ ರೂಬಿಮಾರ್ ಹಡಗು ಸುಮಾರು 21,000 ಟನ್ ರಸಗೊಬ್ಬರದ ಸಮೇತ ಮುಳುಗಿತು. ಯುದ್ಧವೇನೂ ಇಲ್ಲದೆಯೂ 2025ರ ಮೇಯಲ್ಲಿ ಕೊಚ್ಚಿಯಾಚೆ ಮುಳುಗಿದ ಎಂಎಸ್‌ಸಿ ಎಲ್ಸಾ 3ರ ಪ್ಲಾಸ್ಟಿಕ್ ಕಾಳುಗಳು ಕೇರಳದ ತೀರಕ್ಕೆ ಬಂದು ಬಿದ್ದವು.

ಭಾರತ ಮತ್ತು ಪಾಕಿಸ್ತಾನದ ನಡುವೆ ಇಂಥದ್ದಕ್ಕೆ ಒಂದು ಮಾದರಿ ಆಗಲೇ ಇದೆ. ಪರಸ್ಪರರ ಪರಮಾಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂಬ ಒಪ್ಪಂದಕ್ಕೆ 1988ರ ಡಿಸೆಂಬರ್ 31ರಂದು ಸಹಿ ಬಿತ್ತು. 1992ರಿಂದ ಪ್ರತಿ ಜನವರಿ 1ರಂದು ಎರಡೂ ದೇಶಗಳು ತಂತಮ್ಮ ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತವೆ. ಕಾರ್ಗಿಲ್ ಯುದ್ಧವಾದರೂ ಆ ಕ್ರಮ ತಪ್ಪಲಿಲ್ಲ. ಅದರಲ್ಲಿ ವಿಶೇಷಣಗಳಿಲ್ಲ, ಚದರ ಕಿಲೋಮೀಟರುಗಳಿಲ್ಲ, ಪುರಾವೆಯ ಭಾರವಿಲ್ಲ. ಯಾವುದನ್ನು ಮುಟ್ಟಬಾರದು ಎಂದು ಮೊದಲೇ ಹೆಸರು ಬರೆದುಕೊಟ್ಟಾಗಿದೆ. ಪಟ್ಟಿಗೆ ದೊಡ್ಡ ಅಣೆಕಟ್ಟುಗಳನ್ನೋ ರಾಸಾಯನಿಕ ಕಾರ್ಖಾನೆಗಳನ್ನೋ ಸೇರಿಸುವುದಕ್ಕೆ ಪ್ರೊಟೊಕಾಲ್‌ಗೆ ಸಹಿ ಹಾಕಬೇಕಿಲ್ಲ, ಹೇಗ್‌ಗೆ ಹೋಗಬೇಕಿಲ್ಲ, ಇಬ್ಬರೇ ಕೂತು ಮಾತಾಡಿದರೂ ಆದೀತು. ಎಣ್ಣೆಯ ವಿಷಯ ಬೇರೆ. ಅದು ಟ್ಯಾಂಕಿಗೂ ಯುದ್ಧವಿಮಾನಕ್ಕೂ ಬೇಕಾದದ್ದು, ಎದುರಾಳಿಯ ಎಣ್ಣೆಯನ್ನು ಬಿಟ್ಟುಕೊಡಲು ಯಾವ ಸೇನೆಯೂ ಸುಲಭದಲ್ಲಿ ಒಪ್ಪುವುದಿಲ್ಲ. ಸಿಂಧೂ ಜಲ ಒಪ್ಪಂದವನ್ನೇ 2025ರ ಏಪ್ರಿಲ್‌ನಿಂದ ಅಮಾನತಿನಲ್ಲಿಟ್ಟಿರುವಾಗ ಅಣೆಕಟ್ಟುಗಳ ಮಾತುಕತೆಯೂ ಸದ್ಯಕ್ಕೆ ಶುರುವಾಗುವ ಲಕ್ಷಣವಿಲ್ಲ.